ಸೋದರಮಾವನ ಕಾಲುನೋವು

ನನ್ನ ಎಡಮಂಡಿಗೆ ನೋವು ಬಂದದ್ದು ನಿಜ. ಆದರೆ ಅದು ಬಂದದ್ದು ಆಟಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ, ಹೋದದ್ದು ದೀಪಾವಳಿಗೆ ಮೊದಲು. ತಂಗಿಯ ಮಗಳ ಮದುವೆ ನಡೆದದ್ದು ಫೆಬ್ರವರಿಯಲ್ಲಿ. ಆ ಹೊತ್ತಿಗೆ ನನ್ನ ಕಾಲು ಸರಿಯಾಗಿತ್ತು ಎಂಬುದು ನನಗೆ ಗೊತ್ತು, ನನ್ನ ಹೆಂಡತಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತು. ಬರೆಯಲು ಕುಳಿತರೆ ನಾಚಿಕೆಯಾಗುತ್ತದೆ. ಬರೆಯದಿದ್ದರೂ ಆಗುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ.

ಮೂವತ್ತೊಂದು ವರ್ಷ ಉಡುಪಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಮನೆ ಬನ್ನಂಜೆಯಲ್ಲಿ. ಕೆಲವರಿಗೆ ಎಲೆ ಅಡಿಕೆ ಇದ್ದ ಹಾಗೆ ನನಗೆ ವಾದದ ಚಟ, ಬಾಯಿಗೆ ಏನಾದರೂ ಬೇಕು. ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಸತ್ತವರ ಮನೆಯಲ್ಲಿ ಕೂಡ ವಾದ ಮಾಡಿದ್ದೇನೆ. ಅದರಲ್ಲೂ ನನಗೆ ಬಲು ಪ್ರಿಯವಾದ ವಿಷಯ ಜನಾಂಗ. ಮನುಷ್ಯರನ್ನು ಕರಿಯರು, ಬಿಳಿಯರು, ಹಳದಿಯವರು ಎಂದು ಪ್ರಕೃತಿ ವಿಂಗಡಿಸಿಲ್ಲ, ಚರ್ಮದ ಬಣ್ಣವೆಂದರೆ ಬಿಸಿಲಿಗೆ ಮೈ ಕೊಟ್ಟ ಉತ್ತರ, ಉಳಿದದ್ದೆಲ್ಲ ನಾವು ಆಮೇಲೆ ಎಳೆದ ಗೆರೆ ಎಂದು ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಂಗೈಯಿಂದ ಒರೆಸಿ ತೋರಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಪಠ್ಯದಲ್ಲಿ ಅಂಥ ಪಾಠವೇ ಇರಲಿಲ್ಲ.

ಇದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ ಕೊಡುತ್ತಿದ್ದೆ. ನಾವು ತುಳು ಮಾತಾಡುವವರು. ನಮ್ಮಲ್ಲಿ ಕುಲ ಬರುವುದು ತಾಯಿಯ ಕಡೆಯಿಂದ, ಅದಕ್ಕೆ ‘ಬರಿ’ ಎನ್ನುತ್ತೇವೆ. ಒಂದೇ ಬರಿಯವರು ಅಣ್ಣ ತಂಗಿಯರು, ಅವರೊಳಗೆ ಮದುವೆಯಿಲ್ಲ. ಮುಂಬೈಯಲ್ಲಿ ಹುಟ್ಟಿ ಬೆಳೆದ, ಏಳು ತಲೆಮಾರಿನಿಂದ ಮುಖ ಕಾಣದ ಹುಡುಗನೂ ಬರಿ ಒಂದೇ ಆದರೆ ಅಣ್ಣ. ಆದರೆ ಸ್ವಂತ ಸೋದರಮಾವನ ಮಗಳನ್ನು ಧಾರಾಳವಾಗಿ ಮದುವೆಯಾಗಬಹುದು. ರಕ್ತದ ಲೆಕ್ಕದಲ್ಲಿ ಇದು ತಲೆಕೆಳಗು. ಹಾಗಾದರೆ ನಾವು ರಕ್ತ ರಕ್ತ ಎನ್ನುವುದು ಎಂತದ್ದನ್ನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಿದ್ದೆ.

ಈ ಉದಾಹರಣೆಗೆ ಒಮ್ಮೆ ನಮ್ಮ ಮನೆಯಲ್ಲೇ ಪ್ರಯೋಗವೂ ಆಯಿತು. ಕಾಪುವಿನಲ್ಲಿ ನನ್ನ ದೊಡ್ಡಪ್ಪನ ಮಗ ಅಣ್ಣ ಒಬ್ಬನಿದ್ದಾನೆ; ಅವನ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾಗ ಪೋಲೆಂಡಿನ ಹುಡುಗಿಯೊಬ್ಬಳನ್ನು ಮದುವೆಯಾಗಿ ಕರೆದುಕೊಂಡು ಬಂದ. ಹಾಲಿನಂಥ ಬಿಳುಪು. ಊರಿಗೆ ಊರೇ ನೋಡಲು ಬಂತು. ಆದರೆ ತಾಯಿಗೆ ಬರಿ ಇಲ್ಲದ ಮೇಲೆ ಹುಟ್ಟುವ ಮಕ್ಕಳಿಗೆ ಬರಿ ಎಲ್ಲಿಂದ? ಹಿರಿಯರಿಗೆ ತಲೆಬಿಸಿಯಾಯಿತು. ದಾರಿ ಹೇಳಿದವನು ನಾನೇ. ಬೇರೆ ಬರಿಯ ಒಬ್ಬ ಹಿರಿಯ ಹೆಂಗಸು ಅವಳನ್ನು ಮಗಳೆಂದು ಮಡಿಲಿಗೆ ತೆಗೆದುಕೊಳ್ಳಲಿ, ಆಗ ಆ ಬರಿ ಅವಳದಾಗುತ್ತದೆ ಎಂದೆ. ಪಡುಬಿದ್ರಿಯಿಂದ ದೂರದ ಸಂಬಂಧದ ಅಜ್ಜಿಯೊಬ್ಬರನ್ನು ಕಾರಿನಲ್ಲಿ ಕರೆತಂದೆವು. ಅವರು ಚಾಪೆಯ ಮೇಲೆ ಕುಳಿತು, ತಮಗಿಂತ ಒಂದೂವರೆ ಪಟ್ಟು ಉದ್ದದ ಹುಡುಗಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಹಾಲು ಕುಡಿಸಿದರು. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕರು. ಕುಲ ಎನ್ನುವುದು ಒಂದು ಲೋಟ ಹಾಲು ಕುಡಿಯುವಷ್ಟು ಸುಲಭ ಎಂದು ನಾನು ಅಲ್ಲಿಯೇ ಒಂದು ಸಣ್ಣ ಭಾಷಣ ಬಿಗಿದೆ. ಅದನ್ನೇ ಆಮೇಲೆ ಹತ್ತು ಕಡೆ ಹೇಳಿದೆ.

ಇನ್ನು ತಂಗಿಯ ಮಗಳ ವಿಷಯ. ತಂಗಿ ಇರುವುದು ಕಾರ್ಕಳದಲ್ಲಿ, ಗಂಡ ತೀರಿಕೊಂಡು ಹತ್ತು ವರ್ಷ ದಾಟಿದೆ. ಅವಳ ಒಬ್ಬಳೇ ಮಗಳು ಪಿಯುಸಿ ಓದುವಾಗ ಎರಡು ವರ್ಷ ನಮ್ಮ ಮನೆಯಲ್ಲಿದ್ದಳು, ನನ್ನ ತರಗತಿಯಲ್ಲೇ ಕೂರುತ್ತಿದ್ದಳು. ಈಗ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನನಗೆ ಮಂಡಿನೋವು ಬಂದಾಗ ಅವಳೇ ಫಿಸಿಯೋಥೆರಪಿಗೆ ಹೆಸರು ಬರೆಸಿದಳು. “ಒಳ್ಳೆಯ ಕೈ ಉಂಟು ಮಾವ, ಅವರ ಹತ್ತಿರವೇ ಹೋಗಿ” ಎಂದಳು.

ಒಳಗೆ ಹೋದೆ. ಬಿಳಿ ಅಂಗಿ ತೊಟ್ಟ ಎತ್ತರದ ಯುವಕನೊಬ್ಬ ಎದ್ದು ನಿಂತ. ಕಪ್ಪು ಮೈ, ತಲೆಗೆ ಅಂಟಿದ ಗುಂಗುರು ಕೂದಲು. ಮಣಿಪಾಲದಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಬರವಿಲ್ಲ. ನಾನು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ನಿಮ್ಮದು ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಯಲ್ಲಾಪುರದ ಹತ್ತಿರ, ಸರ್” ಎಂದ ಅವನು, ಕನ್ನಡದಲ್ಲಿ.

ಸಿದ್ದಿಯವನು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಪಶ್ಚಿಮ ಕರಾವಳಿಗೆ ಬಂದು, ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆ ನಿಂತವರು. ಇದನ್ನೂ ನಾನು ತರಗತಿಯಲ್ಲಿ ಹೇಳಿದವನೇ. ನಾಲಿಗೆ ಕಚ್ಚಿಕೊಂಡು ಸುಮ್ಮನಾಗಬೇಕಿತ್ತು. ಆಗಲಿಲ್ಲ. “ಕನ್ನಡ ಚೆನ್ನಾಗಿ ಮಾತಾಡುತ್ತೀರಿ” ಎಂದೆ.

ಅವನು ನನ್ನ ಮಂಡಿಯ ಕೆಳಗೆ ಟವೆಲ್ ಮಡಚಿ ಇಡುತ್ತಾ ಹೇಳಿದ, “ನೀವೂ ಚೆನ್ನಾಗಿ ಮಾತಾಡುತ್ತೀರಿ ಸರ್. ನಿಮ್ಮ ಮನೆಮಾತು ತುಳು ಅಲ್ವಾ? ನಮ್ಮದು ಕನ್ನಡ, ಕೊಂಕಣಿ.”

ನಗಬೇಕಾದ ಮಾತು, ಇಬ್ಬರೂ ನಕ್ಕೆವು. ನನ್ನ ನಗು ಸ್ವಲ್ಪ ತಡವಾಗಿ ಬಂತು. ಹನ್ನೆರಡು ಸಲ ಹೋಗಿ ಬಂದೆ. ಕೈ ನಿಜಕ್ಕೂ ಒಳ್ಳೆಯದಿತ್ತು. ಹದಿಮೂರನೆಯ ಸಲ ಬೇಡ, ಇನ್ನು ನೀವೇ ನಡೆಯಿರಿ ಎಂದು ಅವನೇ ಕಳಿಸಿದ.

ಡಿಸೆಂಬರಿನಲ್ಲಿ ಮಣಿಪಾಲದಲ್ಲಿ ವಿದ್ಯಾರ್ಥಿಗಳ ಚರ್ಚಾಸ್ಪರ್ಧೆ ಇತ್ತು. ಜನಾಂಗ ಇರುವುದು ರಕ್ತದಲ್ಲೋ ಸಮಾಜದಲ್ಲೋ ಎಂಬುದು ವಿಷಯ. ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಕೊನೆಯಲ್ಲಿ ಮಾತಾಡಿದ ಹುಡುಗಿಯೊಬ್ಬಳು, ಈಗ ಜನಾಂಗ ಎನ್ನಲು ಜನಕ್ಕೆ ನಾಚಿಕೆ, ಅದಕ್ಕೇ ಸಂಸ್ಕೃತಿ ಎನ್ನುತ್ತಾರೆ, ಬೇಲಿ ಹಳೆಯದೇ, ಬಣ್ಣ ಮಾತ್ರ ಹೊಸದು ಎಂದಳು. ನಾನು ಅವಳಿಗೆ ಮೊದಲ ಬಹುಮಾನ ಕೊಟ್ಟೆ. ಆಮೇಲೆ ಎದ್ದು ನಿಂತು, ‘ಬರಿ’ಯ ಕಥೆ, ಪೋಲೆಂಡಿನ ಸೊಸೆಯ ಕಥೆ, ಹಾಲಿನ ಲೋಟದ ಕಥೆ ಎಲ್ಲವನ್ನೂ ಹೇಳಿ ಇಪ್ಪತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಹಿಂದಿನ ಸಾಲಿನಲ್ಲಿ ತಂಗಿಯ ಮಗಳು ಕುಳಿತಿದ್ದಳು, ಪಕ್ಕದಲ್ಲಿ ನನ್ನ ಮಂಡಿಯ ವೈದ್ಯ. ಒಂದೇ ಆಸ್ಪತ್ರೆಯವರು, ಜೊತೆಗೆ ಬಂದಿದ್ದಾರೆ ಎಂದುಕೊಂಡೆ. ನನ್ನಂಥ ಬುದ್ಧಿವಂತರಿಗೆ ಕೆಲವು ವಿಷಯ ತಡವಾಗಿ ತಿಳಿಯುತ್ತದೆ.

ಮುಂದಿನ ಭಾನುವಾರ ಅವಳು ಬನ್ನಂಜೆಗೆ ಬಂದಳು. ಹೆಂಡತಿ ಒಳಗೆ ಬಂಗುಡೆ ಹುರಿಯುತ್ತಿದ್ದಳು. ನಮ್ಮ ಮಾತೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳು ಸುತ್ತಿ ಬಳಸಿ ಹೇಳುವವಳಲ್ಲ.

“ಮಾವ, ನಾನು ಅವರನ್ನು ಮದುವೆ ಆಗ್ತೇನೆ. ನಿಮ್ಮ ಕಾಲು ಸರಿ ಮಾಡಿದವರನ್ನು. ಅಮ್ಮ ಒಪ್ಪಿದ್ದಾರೆ. ನೀವು ಮುಂದೆ ನಿಂತರೆ ಯಾರೂ ಮಾತಾಡುವುದಿಲ್ಲ ಅಂತ ಅಮ್ಮ ಹೇಳಿದ್ರು.”

ಬೇಡ ಎಂಬ ಮಾತೇ ನನಗೆ ಮೊದಲು ಹೊಳೆದದ್ದು. ಅದು ಹೊಳೆದದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿ ತನ್ನ ಪಾಡಿಗೆ ವಾದ ಹೂಡಿತು.

“ನನಗೆಂತ ತೊಂದರೆ ಇಲ್ಲ ಮಗಾ. ಜನಾಂಗ ಅಂತ ಎಲ್ಲ ಏನಿಲ್ಲ, ನಿನಗೆ ಗೊತ್ತುಂಟಲ್ಲ. ಆದರೆ ಸಂಸ್ಕೃತಿ ಬೇರೆ ಅಲ್ವಾ?”

“ಯಾವುದು ಬೇರೆ?”

“ಊಟ, ಮಾತು, ರೀತಿ ರಿವಾಜು…”

“ಊಟ? ಅವರದ್ದೂ ಅನ್ನ, ಮೀನು ಸಾರು. ಕಾಪುವಿನ ಪೋಲೆಂಡ್ ಅತ್ತಿಗೆ ಬಂಗುಡೆ ಹುರಿದರೆ ಇವತ್ತಿಗೂ ಮೂಗು ಮುಚ್ಚುತ್ತಾರೆ. ಮಾತು? ಅತ್ತಿಗೆಗೆ ಆರು ವರ್ಷದಲ್ಲಿ ಬಂದದ್ದು ‘ಯಾನ್ ಪೋಪೆ’ ಒಂದೇ, ನಾನು ಹೋಗ್ತೇನೆ ಅಂತ. ಇವರಿಗೆ ನನಗಿಂತ ಒಳ್ಳೆಯ ಕನ್ನಡ ಬರ್ತದೆ. ದೇವರು? ಅವರ ಅಂಗಳದಲ್ಲೂ ತುಳಸಿಕಟ್ಟೆ ಉಂಟು.”

ಒಳಗೆ ಒಲೆಯ ಸದ್ದು ನಿಂತಿತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು.

“ಅದಲ್ಲ ಮಗಾ. ನಾಳೆ ಮಕ್ಕಳಾದ ಮೇಲೆ…” ಎಂದು ಅರ್ಧಕ್ಕೆ ನಿಲ್ಲಿಸಿದೆ.

“ಕೂದಲು ಗುಂಗುರು ಆಗಬಹುದು. ಬಣ್ಣ ಕಪ್ಪಾಗಬಹುದು. ಹೇಗೆ ಅಂತ ಪಾಠ ಮಾಡಿದ್ದು ನೀವೇ. ಬರಿಯ ವಿಷಯಕ್ಕಾದರೆ ನನ್ನ ಮಕ್ಕಳಿಗೆ ನನ್ನ ಬರಿ, ನಿಮ್ಮದೇ ಬರಿ. ಯಾರ ಮಡಿಲೂ ಬೇಡ, ಹಾಲೂ ಬೇಡ.”

ಅವಳು ಹೇಳಿದ್ದು ಸರಿಯಾಗಿತ್ತು. ಬಿಳಿಯ ಸೊಸೆಗೆ ನಾವು ಇಲ್ಲದ ಬಾಗಿಲನ್ನು ಕೊರೆದು ಕೊಟ್ಟಿದ್ದೆವು. ಇವಳಿಗೆ ಹಿರಿಯರ ಕಟ್ಟಳೆಯಲ್ಲಿ ಬಾಗಿಲು ತೆರೆದೇ ಇತ್ತು, ಅಡ್ಡ ಕುಳಿತವನು ನಾನು. ಪೋಲೆಂಡಿನವಳ ಸಂಸ್ಕೃತಿ ಯಾವುದು ಎಂದು ಆರು ವರ್ಷದಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ. ಹಾಗೆಂದು ನಾನು ಬೆಳ್ಳಗಿನವನೂ ಅಲ್ಲ. ನನ್ನ ಎಸ್ಸೆಸ್ಸೆಲ್ಸಿ ಫೋಟೋದಲ್ಲಿ ಕಣ್ಣು ಮತ್ತು ಹಲ್ಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂದು ಹೆಂಡತಿ ಮದುವೆಯಾದ ಹೊಸದರಲ್ಲೇ ಹೇಳಿದ್ದಳು.

“ಮುಹೂರ್ತದ ಹೊತ್ತಿಗೆ ಕೈ ಹಿಡಿದು ಮಂಟಪಕ್ಕೆ ಕರೆದುಕೊಂಡು ಹೋಗುವುದು ಸೋದರಮಾವ” ಎಂದಳು ಅವಳು. ಈಗ ಸ್ವರ ಇಳಿದಿತ್ತು. “ಅಪ್ಪ ಇಲ್ಲ. ನನಗಿರುವುದು ನೀವು. ಬರ್ತೀರಾ ಇಲ್ವಾ, ಅಷ್ಟು ಹೇಳಿ.”

“ಬರ್ತೇನೆ” ಎಂದೆ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ಕೆಡಿಸಿದ್ದು ಒಂದು ಫೋನು. ಮದುವೆಗೆ ಐದು ದಿನ ಇರುವಾಗ ಪಡುಬಿದ್ರಿಯ ನೆಂಟರೊಬ್ಬರು ಕರೆ ಮಾಡಿದರು. ಬೈಯಲಿಲ್ಲ, ಜಗಳ ಮಾಡಲಿಲ್ಲ. “ನಿಮ್ಮ ಪಾಠ ನಿಮ್ಮ ಮನೆಗೇ ಬಂತಲ್ಲ ಮಾರಾಯ್ರೆ. ನೀವೇ ಅಂತೆ ಕೈ ಹಿಡಿದು ಕರೆದುಕೊಂಡು ಹೋಗುವುದು. ನಾವು ಮುಂದಿನ ಸಾಲಿನಲ್ಲೇ ಕೂತುಕೊಳ್ತೇವೆ” ಎಂದು ನಕ್ಕರು. ಅಷ್ಟೇ. ಆ ದಿನದಿಂದ ನನಗೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಆ ಮುಂದಿನ ಸಾಲು. ಅದರಲ್ಲಿ ಕುಳಿತವರು ಬಾಯಿಗೆ ಸೆರಗು ಹಿಡಿದು ಮಾತಾಡಿಕೊಳ್ಳುವುದು. ನಾನು ಅವಳ ಕೈಯನ್ನು ಆ ಕಪ್ಪು ಕೈಯ ಪಕ್ಕಕ್ಕೆ ತರುವುದು. ನನ್ನ ಮನಸ್ಸಿಗೆ ಬಂದದ್ದು ‘ಕಪ್ಪು ಕೈ’ ಎಂದೇ. ಮಂಡಿ ಒತ್ತಿದಾಗ ಅದು ಒಳ್ಳೆಯ ಕೈ ಆಗಿತ್ತು.

ಮೂರು ದಿನ ಇರುವಾಗ ತಂಗಿಗೆ ಫೋನ್ ಮಾಡಿ, ಕಾಲುನೋವು ಮತ್ತೆ ಎದ್ದಿದೆ, ನಿಲ್ಲಲಿಕ್ಕೂ ಆಗುವುದಿಲ್ಲ ಎಂದೆ. “ಆಯ್ತು ಅಣ್ಣ, ಜಾಗ್ರತೆ” ಎಂದಳು. ಫೋನಿಟ್ಟು ತಿರುಗಿದರೆ ಹೆಂಡತಿ ನಿಂತಿದ್ದಳು.

“ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ” ಎಂದಳು.

“ನಾನು ಸುಳ್ಳು ಹೇಳಿದೆ ಅಂತಲಾ ನಿನ್ನ ಮಾತಿನ ಅರ್ಥ?”

“ನಾನು ಹಾಗೆ ಹೇಳಲಿಲ್ಲ.” ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು.

ಮರುದಿನ ಮಧ್ಯಾಹ್ನ ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ಅವನೇ. ನಾಳಿದ್ದು ಮದುವೆ ಇಟ್ಟುಕೊಂಡ ಮದುಮಗ ಡ್ಯೂಟಿ ಮುಗಿಸಿ, ಮಣಿಪಾಲದಿಂದ ಬಿಸಿಲಿನಲ್ಲಿ ಚೀಲ ಹಾಕಿಕೊಂಡು ಇಳಿದು ಬಂದಿದ್ದ. ಫೋನಿನಲ್ಲಿ ತಂಗಿಯ ಮಗಳು ಅತ್ತಳಂತೆ. ಮಾವನನ್ನು ನೋಡಿ ಬರುತ್ತೇನೆ, ಎರಡು ದಿನದಲ್ಲಿ ನಡೆಯುವ ಹಾಗೆ ಮಾಡುತ್ತೇನೆ ಎಂದು ಅವಳಿಗೆ ಹೇಳಿ ಬಂದಿದ್ದ.

ನಾನು ಗಡಿಬಿಡಿಯಲ್ಲಿ ದಿವಾನದ ಮೇಲೆ ಕಾಲು ಚಾಚಿದೆ. ಅವನು ನೆಲದ ಮೇಲೆ ಮಂಡಿಯೂರಿ, ಚೀಲ ಬಿಚ್ಚಿ, ಕೈ ಮುಂದೆ ಮಾಡಿದವನು ಒಂದು ಕ್ಷಣ ನಿಂತ. ನಾನು ಚಾಚಿದ್ದು ಬಲಗಾಲು. ಹನ್ನೆರಡು ಸಲ ಅವನು ಒತ್ತಿದ್ದು ಎಡಗಾಲು.

ಅವನು ಬಲಮಂಡಿಯನ್ನೇ ಮೆಲ್ಲಗೆ ಮಡಚಿ ಬಿಡಿಸಿ, ಇಲ್ಲಿ ನೋವಿದೆಯಾ, ಇಲ್ಲಿ, ಇಲ್ಲಿ ಎಂದು ಕೇಳಿದ. ನಾನು ಹೌದು ಹೌದು ಎಂದೆ. ನೋವಿನ ಮುಖವನ್ನೂ ಮಾಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಒಳಗೆ ಹೋಗಿಬಿಟ್ಟಳು. ಅವನು ಬಿಸಿನೀರಿನ ಚೀಲವಿಟ್ಟು, ಹತ್ತು ನಿಮಿಷ ಕಾದು, ತೆಗೆದು, ಒರೆಸಿದ. ನೋವಿಲ್ಲದ ಕಾಲಿಗೆ ಅಷ್ಟು ಶ್ರದ್ಧೆಯಿಂದ ಯಾರೂ ಬಿಸಿ ಕೊಟ್ಟಿರಲಿಕ್ಕಿಲ್ಲ. ಆಮೇಲೆ ನನ್ನೆದುರೇ ಅವಳಿಗೆ ಫೋನ್ ಮಾಡಿದ.

“ಮಾವನಿಗೆ ನಿಲ್ಲೋದು ಕಷ್ಟ ಇದೆ. ನಾನೇ ನೋಡಿದೀನಿ. ಒತ್ತಾಯ ಮಾಡಬೇಡ.”

ಹೆಂಡತಿ ಕಾಫಿ ತಂದಳು, ಕುಡಿದ. ಹೊರಡುವಾಗ ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ತಗ್ಗಿದ ದನಿಯಲ್ಲಿ, “ಸರ್, ಬರಬೇಕು ಅನಿಸಿದರೆ ಬನ್ನಿ. ನೋವು ಕಡಿಮೆ ಆಯ್ತು ಅಂತ ನಾನೇ ಹೇಳ್ತೀನಿ” ಎಂದ. ನಾನು ಅವನ ಮುಖ ನೋಡಲಿಲ್ಲ. ಬೈದಿದ್ದರೆ ವಾದ ಮಾಡುತ್ತಿದ್ದೆ. ಅವನು ಅದಕ್ಕೂ ಜಾಗ ಕೊಡಲಿಲ್ಲ.

ಮದುವೆಯ ಬೆಳಿಗ್ಗೆ ಕಾಪುವಿನ ಅಣ್ಣನ ಕಾರು ಬಂದು ಹೆಂಡತಿಯನ್ನು ಕರೆದುಕೊಂಡು ಹೋಯಿತು. ಒಬ್ಬನೇ ಕುಳಿತು ಪೇಪರ್ ಎರಡು ಸಲ ಓದಿದೆ. ಒಂಬತ್ತಕ್ಕೆ ಎದ್ದು ರೇಷ್ಮೆ ಅಂಚಿನ ಪಂಚೆ ಉಟ್ಟು, ಹಿರಿಯಡ್ಕದ ದಾರಿಯಲ್ಲಿ ಹೋಗುವ ಕಾರ್ಕಳ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಬರತೊಡಗಿತ್ತು. ತಡವಾದರೂ ಬಂದೆನಲ್ಲ, ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ, ಮುಂದಿನ ಸಾಲಿನವರು ನೋಡಿಕೊಳ್ಳಲಿ ಎಂದೆಲ್ಲ.

ಮದುವೆಯ ಸಭಾಭವನದ ಎದುರು ಇಳಿದಾಗ ದಿಬ್ಬಣ ಆಗಷ್ಟೇ ಬಂದಿತ್ತು. ನಾನು ರಸ್ತೆಯ ಈಚೆ, ಒಂದು ಜ್ಯೂಸ್ ಅಂಗಡಿಯ ಮಾಡಿನ ಕೆಳಗೆ ನಿಂತೆ. ಮಿನಿಬಸ್ಸಿನಿಂದ ಗಂಡಿನ ಕಡೆಯವರು ಒಬ್ಬೊಬ್ಬರೇ ಇಳಿಯುತ್ತಿದ್ದರು. ಬೇರೆ ಸಂಸ್ಕೃತಿ ಎಂದೆನಲ್ಲ, ಅದನ್ನು ಹುಡುಕಿದೆ. ಸೀರೆಯ ನೆರಿಗೆ ಸರಿಮಾಡಿಕೊಳ್ಳುವ ಹೆಂಗಸರು, ಮುಡಿಗೆ ಮಲ್ಲಿಗೆ. ಬಸ್ಸಿನಲ್ಲಿ ವಾಂತಿಯಾಗಿ ನೀರು ಕೇಳುತ್ತಿದ್ದ ಒಬ್ಬಳು ಮುದುಕಿ. ಚಪ್ಪಲಿ ಕಳೆದುಕೊಂಡು ಬೈಸಿಕೊಳ್ಳುತ್ತಿದ್ದ ಮಗು. ನನ್ನ ಮದುವೆಯ ದಿಬ್ಬಣವೂ ಹೀಗೆಯೇ ಇಳಿದಿತ್ತು. ಗೇಟಿನಲ್ಲಿ ತಂಗಿ ಕೈಮುಗಿದು ಎದುರುಗೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ಗಂಡಸರು ಯಾರೂ ಇರಲಿಲ್ಲ.

ಆಗ ಮದುಮಗ ನನ್ನನ್ನು ನೋಡಿದ. ರಸ್ತೆಯಾಚೆಯಿಂದ, ನೇರವಾಗಿ. ಕೈಬೀಸಿ ಕರೆದರೆ ಎಲ್ಲರೂ ತಿರುಗುತ್ತಾರೆ ಎಂದು ಅವನಿಗೆ ಗೊತ್ತಿತ್ತು, ಕರೆಯಲಿಲ್ಲ. ಪೇಟ ಸರಿಯಾಗಿ ಕೂತಿಲ್ಲ ಎನ್ನುವ ಹಾಗೆ ತಲೆಗೆ ಕೈ ಹಚ್ಚಿ, ಒಳಗೆ ಹೋಗುವವರನ್ನು ಮುಂದೆ ಬಿಟ್ಟು ನಿಂತೇ ಇದ್ದ. ಫೋಟೋದವನು ಎರಡು ಸಲ ಕರೆದ. ಅವನು ಕಾದ.

ನಾನು ದಾಟಬೇಕಾಗಿದ್ದದ್ದು ಒಂದು ರಸ್ತೆ. ಈಗ ನಡೆದುಕೊಂಡು ಹೋದರೆ ಅವನು ಹೇಳಿದ ಸುಳ್ಳು ಬಯಲಾಗುತ್ತದೆ, ಅವನ ಮರ್ಯಾದೆಯ ಪ್ರಶ್ನೆ ಎಂದು ಒಂದು ವಾದ ಹೊಳೆಯಿತು. ಚೆನ್ನಾಗಿಯೇ ಇತ್ತು ವಾದ. ನೋವು ಕಡಿಮೆಯಾಯಿತೆಂದು ನಾನೇ ಹೇಳುತ್ತೇನೆ ಎಂದು ಅವನು ಮೊದಲೇ ಅದಕ್ಕೆ ಉತ್ತರ ಕೊಟ್ಟಾಗಿತ್ತು. ಸಭಾಭವನದ ಕಿಟಕಿಯಲ್ಲಿ ಪಡುಬಿದ್ರಿಯವರ ತಲೆ ಕಂಡಿತು. ಅಷ್ಟರಲ್ಲಿ ಉಡುಪಿ ಉಡುಪಿ ಎನ್ನುತ್ತಾ ಬಸ್ಸೊಂದು ನಡುವೆ ಬಂದು ನಿಂತಿತು. ಎತ್ತರದ ಮೆಟ್ಟಿಲು. ಒಂದೇ ಹೆಜ್ಜೆಗೆ ಹತ್ತಿದೆ.

ಆ ಸಂಜೆ ತಂಗಿಯ ಮಗಳು ಫೋಟೋ ಕಳಿಸಿದಳು. ಮಂಟಪಕ್ಕೆ ಅವಳನ್ನು ಕೈ ಹಿಡಿದು ಕರೆತರುತ್ತಿರುವವಳು ನನ್ನ ತಂಗಿ. ನಮ್ಮ ಕಡೆ ವಿಧವೆಯರು ಮಂಟಪ ಹತ್ತುವುದಿಲ್ಲ. ಅವಳು ಹತ್ತಿದ್ದಳು, ತಲೆ ತಗ್ಗಿಸಿ, ಎಲ್ಲರೆದುರು, ನನ್ನ ಜಾಗದಲ್ಲಿ.

ಇದಾಗಿ ಎರಡು ವರ್ಷ. ಗಂಡ ಹೆಂಡತಿ ತಿಂಗಳಿಗೊಮ್ಮೆ ಊಟಕ್ಕೆ ಬರುತ್ತಾರೆ. ತಂಗಿಯ ಮಗಳು ನನ್ನ ಮಾತು ನಂಬಿರಲಿಲ್ಲವೇನೋ, ಅವನ ಮಾತು ನಂಬಿದ್ದಾಳೆ. ಮದುವೆಯ ಮಾತು ಬಂದಾಗಲೆಲ್ಲ ಯಾರ ಮುಂದಾದರೂ ಹೇಳುತ್ತಾಳೆ, “ಮಾವನಿಗೆ ಆಗ ಕಾಲುನೋವು ಜೋರಿತ್ತು, ಇಲ್ಲದಿದ್ದರೆ ಅವರೇ ಕೈ ಹಿಡಿದು ಕರೆದುಕೊಂಡು ಹೋಗ್ತಿದ್ರು. ನಮ್ಮ ಮನೆಯಲ್ಲಿ ಜಾತಿ, ಬಣ್ಣ ಎಲ್ಲ ಇಲ್ಲ ಅಂತ ಕಲಿಸಿದ್ದೇ ಮಾವ.” ಅವನು ತಟ್ಟೆ ನೋಡುತ್ತಾ ಅನ್ನ ಕಲಸುತ್ತಾನೆ. ಹೆಂಡತಿ ನನ್ನನ್ನು ನೋಡುತ್ತಾಳೆ. ಹೇಳಬೇಕು, ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ. ಮತ್ತೆ ಸಾರು ಹಾಕಲಾ ಎಂದು ಅವನನ್ನು ಕೇಳುತ್ತೇನೆ.